ಇನ್‌ಬಾಕ್ಸ್ ಯಾರದು, ಪಾಸ್‌ವರ್ಡ್ ಯಾರ ಹತ್ರ?

2025ರ ಅಕ್ಟೋಬರ್ 8ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ಜೋಹೋ ಮೇಲ್‌ಗೆ ಬದಲಾಗಿದ್ದಾಗಿ ಎಕ್ಸ್‌ನಲ್ಲಿ ಬರೆದರು. ಅಷ್ಟೇ ಸಾಕಾಯ್ತು. ಟಿವಿ, ಯೂಟ್ಯೂಬ್, ರೀಲ್ಸ್ ಎಲ್ಲಾ ಕಡೆ ಜಿಮೇಲ್ ಕಥೆ ಮುಗೀತು ಅನ್ನೋ ಮಾತು. ಹಾಸ್ಟೆಲ್‌ನಲ್ಲಿ ನಾವೂ ಅವತ್ತೇ ಅಕೌಂಟ್ ಮಾಡಿಕೊಂಡ್ವಿ. ಆಮೇಲೆ ಎಷ್ಟು ಸಲ ತೆರೆದ್ವಿ ಅಂತ ಮಾತ್ರ ಕೇಳಬೇಡಿ.

ತಮಾಷೆ ಏನಂದ್ರೆ, ಜೋಹೋ ಮೇಲ್ ಹೊಸದೇ ಅಲ್ಲ. ಅದು ಶುರುವಾಗಿದ್ದು 2008ರಲ್ಲಿ. ಹದಿನೇಳು ವರ್ಷ ಸುಮ್ಮನೆ ಕೆಲಸ ಮಾಡಿದ ಸಾಫ್ಟ್‌ವೇರ್ ಒಂದೇ ದಿನದಲ್ಲಿ 'ಹೊಸದು' ಆಯ್ತು. ಹೀಗಾಗೋದು ಇದೇ ಮೊದಲಲ್ಲ. 2013ರಲ್ಲಿ 'ಮೇಲ್‌ಬಾಕ್ಸ್' ಅನ್ನೋ ಆ್ಯಪ್‌ಗೆ ಅಮೆರಿಕದಲ್ಲಿ ಲಕ್ಷಗಟ್ಟಲೆ ಜನ ಕ್ಯೂ ನಿಂತಿದ್ದರು. 2016ರಲ್ಲಿ ಅದು ಬಂದ್ ಆಯ್ತು. ಗೂಗಲ್‌ನ 'ಇನ್‌ಬಾಕ್ಸ್' 2014ರಲ್ಲಿ ಬಂದು 2019ರಲ್ಲಿ ಹೋಯ್ತು.

ನಮ್ಮ ಕಡೆಯವರಿಗೆ ಇಂಥ ಗದ್ದಲ ಗೊತ್ತಿರೋದೇ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕದ ದಿನ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಅಂತಾರೆ. ಸೇರಿದ ಜನವೆಲ್ಲಾ ಗಪ್‌ಚುಪ್. ಅವರು ನುಡಿಯೋದು ಒಂದೇ ಸಾಲು, ಅದರ ಅರ್ಥ ಹೇಳೋರು ಸಾವಿರ ಜನ. ಗೊರವಯ್ಯನಾದರೂ ಸದ್ದು ನಿಲ್ಲಿಸಿ ಮಾತಾಡ್ತಾರೆ. ಆ್ಯಪ್ ಸುದ್ದಿಗೆ ಅಷ್ಟು ಮೌನವೂ ಇಲ್ಲ.

ಸದ್ದು ನಿಲ್ಲಿಸಿ ನೋಡಿದ್ರೆ ನಮಗೆ ಕಾಣೋದೇ ಬೇರೆ. ಈ ಸಾಫ್ಟ್‌ವೇರ್‌ಗಳ ಜಾಹೀರಾತೆಲ್ಲಾ ದಿನಕ್ಕೆ ಇನ್ನೂರು ಮೇಲ್ ಬರೋರಿಗೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಿಂದ ಬಂದ ನಮ್ಮ ಗೆಳೆಯರ ಗುಂಪಿನ ಸಮಸ್ಯೆ ಮೇಲ್ ಜಾಸ್ತಿ ಬರೋದಲ್ಲ. ನಮ್ಮಲ್ಲಿ ಅರ್ಧ ಜನರ ಮೊದಲ ಇ-ಮೇಲ್ ಮಾಡಿದ್ದು ಊರಿನ ಸೈಬರ್ ಅಂಗಡಿಯವರು. ಫೋನ್ ನಂಬರೂ ಅವರದ್ದೇ. ಪಾಸ್‌ವರ್ಡ್ ಕೇಳಿದ್ರೆ, "ನನ್ ಬುಕ್‌ನ್ಯಾಗ ಐತಿ ಬಿಡೋ ತಮ್ಮಾ, ನೀ ಯಾಕ ಚಿಂತಿ ಮಾಡ್ತಿ?"

ಚಿಂತೆ ಮಾಡಬೇಕಿತ್ತು. ಕೊಟ್ಟೂರಿನ ನಮ್ಮ ಗೆಳೆಯನ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಒಂದು ದಾಖಲೆ ಸರಿ ಇಲ್ಲ, ಮತ್ತೆ ಹಾಕಿ ಅಂತ ಮೇಲ್ ಬಂದಿತ್ತು. ಅಂಗಡಿಯವರು ಆ ನಂಬರ್ ಬಿಟ್ಟಾಗಿತ್ತು. ಒಟಿಪಿ ಯಾರಿಗೋ ಹೋಗ್ತಿತ್ತು. ಇವನು ಒಳಗೆ ಹೋಗೋಷ್ಟರಲ್ಲಿ ಕೊನೇ ದಿನಾಂಕ ದಾಟಿತ್ತು. ಆ ವರ್ಷದ ಫೀಸು ಕಟ್ಟಿದ್ದು ಅವರಪ್ಪ, ಮೆಕ್ಕೆಜೋಳ ಮಾರಿದ ದುಡ್ಡಲ್ಲಿ. ಯಾವ ಹೊಸ ಆ್ಯಪ್ ಬಂದಿದ್ರೂ ಅವನಿಗೆ ಏನೂ ಉಪಯೋಗ ಆಗ್ತಿರಲಿಲ್ಲ. ಬೇಕಿದ್ದದ್ದು ಅವನದೇ ನಂಬರ್, ಮತ್ತೆ ಅದು ಯಾಕೆ ಬೇಕು ಅಂತ ಹೇಳೋ ಒಬ್ಬರು.

ನಾವು ಜೋಹೋ ವಿರೋಧಿಗಳಲ್ಲ. ತಮಿಳುನಾಡಿನ ತೆಂಕಾಸಿಯಂಥ ಕಡೆ ಕೂತೂ ಜಗತ್ತಿಗೆ ಸಾಫ್ಟ್‌ವೇರ್ ಮಾಡಬಹುದು ಅಂತ ತೋರಿಸಿದ ಕಂಪನಿ ಅದು. ಕೂಡ್ಲಿಗಿಯಲ್ಲೂ ಅಂಥದ್ದು ಬರಲಿ ಅಂತ ನಮಗೂ ಆಸೆ. ಸುಮಾರು 12 ಲಕ್ಷ ಸರ್ಕಾರಿ ನೌಕರರ ಇ-ಮೇಲ್ ಜೋಹೋ ವೇದಿಕೆಗೆ ಹೋಗಿದ್ದು ನಿಜಕ್ಕೂ ದೊಡ್ಡ ಸುದ್ದಿ. ಆದರೆ ಆ ಸುದ್ದಿಯ ಜೊತೆ ಕೇಳಬೇಕಾದ ಪ್ರಶ್ನೆಗಳನ್ನ ಯಾರೂ ಕೇಳಲಿಲ್ಲ. ಪಾಸ್‌ವರ್ಡ್ ಮರೆತ ಹುಡುಗಿಗೆ ಕನ್ನಡದಲ್ಲಿ ಸಹಾಯ ಸಿಗುತ್ತಾ? ಫೋನ್ ನಂಬರ್ ಬದಲಾದ್ರೆ ಅಕೌಂಟ್ ವಾಪಸ್ ಬರುತ್ತಾ? ಐದು ವರ್ಷದ ನಂತರವೂ ಈ ಸೇವೆ ಇರುತ್ತಾ?

ಹಾಗಂತ ಮಾಧ್ಯಮವನ್ನ ಬೈದು ಕೂತರೆ ನಮ್ಮ ಕೆಲಸ ಮುಗಿಯಲ್ಲ. ನಾವೂ ಇಂಜಿನಿಯರಿಂಗ್ ಓದ್ತಿದ್ದೀವಿ ಅಲ್ವಾ? ಈ ರಜೆಗೆ ಊರಿಗೆ ಹೋದಾಗ ಪಿಯುಸಿ ಓದೋ ತಮ್ಮ ತಂಗಿಯರನ್ನ ಹತ್ತು ನಿಮಿಷ ಕೂರಿಸಿಕೊಳ್ಳೋಣ. ಇ-ಮೇಲ್‌ಗೆ ಅವರದೋ ಮನೆಯವರದೋ ನಂಬರ್ ಹಾಕಿಸೋಣ, ಪಾಸ್‌ವರ್ಡ್ ಅವರ ಕೈಯಲ್ಲೇ ಬದಲಾಯಿಸೋಣ, ಸ್ಪ್ಯಾಮ್ ಎಲ್ಲಿರುತ್ತೆ ಅಂತ ತೋರಿಸೋಣ. ಇದು ಟಿವಿಯಲ್ಲಿ ಬರಲ್ಲ. ಆದರೆ ಒಬ್ಬರ ಸ್ಕಾಲರ್‌ಶಿಪ್ ಉಳಿದರೂ ಸಾಕು.