ಜರ್ಮನ್ ಇಂಟರ್‌ವ್ಯೂ: ‘ಮೂರು ತಿಂಗಳು ಸಾಕು’ ಎಂಬ ಮಾತಿಗೆ ಮರುಳಾಗಬೇಡಿ

ಕಳೆದ ವರ್ಷ ಜುಲೈ. ಸೋಮವಾರಪೇಟೆ ಕಡೆ ಮಳೆ ಹಿಡಿದು ನಾಲ್ಕನೇ ದಿನ. ನಮ್ಮೂರಲ್ಲಿ ಎರಡು ದಿನದಿಂದ ಕರೆಂಟ್ ಇರಲಿಲ್ಲ. ಪಕ್ಕದ ಮನೆಯ ಹುಡುಗಿ ಬೆಳಿಗ್ಗೆಯೇ ಕೊಡೆ ಹಿಡಿದು ಬಂದಳು.

“ಅಣ್ಣಾ, ಮಧ್ಯಾಹ್ನ ಎರಡೂವರೆಗೆ ನಂಗೆ ಜರ್ಮನಿಯಿಂದ ಇಂಟರ್‌ವ್ಯೂ. ಎಲ್ಲಿ ಸಿಗ್ನಲ್ ಸಿಗುತ್ತೆ ಅಂತ ನಿಮಗೇ ಗೊತ್ತಿರೋದು.”

ನಿಜ. ಮಳೆಗಾಲದಲ್ಲಿ ಬರೆ ಕುಸಿದ ಫೋಟೊ ಕಳಿಸಲು ಅಲೆದು ಅಲೆದು, ಯಾವ ತಿರುವಿನಲ್ಲಿ ಎಷ್ಟು ಸಿಗ್ನಲ್ ಬರುತ್ತದೆ ಎನ್ನುವುದು ನನಗೆ ಬಾಯಿಪಾಠ. ಇನ್ವರ್ಟರ್ ಇರುವ ಗೆಳೆಯನ ಅಂಗಡಿಗೆ ಕರೆದುಕೊಂಡು ಹೋದೆ. ಅವಳು ಒಳಗೆ ಲ್ಯಾಪ್‌ಟಾಪ್ ಮುಂದೆ, ನಾನು ಹೊರಗೆ ಬೆಂಚಿನ ಮೇಲೆ.

ಹುಡುಗಿ ಇಂಜಿನಿಯರಿಂಗ್ ಮುಗಿಸಿದವಳು. ಸಾಫ್ಟ್‌ವೇರ್ ಕೆಲಸದಲ್ಲಿ ಒಂದೂವರೆ ವರ್ಷದ ಅನುಭವ. “ಮೂರು ತಿಂಗಳಲ್ಲಿ ಜರ್ಮನ್ ಕಲಿಸುತ್ತೇವೆ, ಆಮೇಲೆ ಕೆಲಸ ಗ್ಯಾರಂಟಿ” ಎಂದ ಏಜೆಂಟನೊಬ್ಬನಿಗೆ ಅವಳ ಅಪ್ಪ ಕರಿಮೆಣಸು ಮಾರಿದ ದುಡ್ಡು ಕೊಟ್ಟಿದ್ದರು. ಅಲ್ಲಿ ಇಪ್ಪತ್ತು ಪ್ರಶ್ನೆಗೆ ಇಪ್ಪತ್ತು ಉತ್ತರ ಉರು ಹೊಡೆಸಿದ್ದರು.

‘ನಿಮ್ಮ ಬಗ್ಗೆ ಹೇಳಿ’ ಎಂಬ ಮೊದಲ ಪ್ರಶ್ನೆಗೆ ಉತ್ತರ ಪದ್ಯ ಒಪ್ಪಿಸಿದ ಹಾಗೆ ಬಂತು. ಆಮೇಲೆ ಅವರು ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದರು: ನೀವು ಮಾಡಿದ ಪ್ರಾಜೆಕ್ಟ್‌ನಲ್ಲಿ ಏನು ಕೆಟ್ಟಿತು, ಅದನ್ನು ಹೇಗೆ ಸರಿ ಮಾಡಿದಿರಿ? ಇವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿ ಎನ್ನಲೂ ಇಲ್ಲ. ಉರು ಹೊಡೆದಿದ್ದ ಇನ್ನೊಂದು ಉತ್ತರ ಒಪ್ಪಿಸಿಬಿಟ್ಟಳು. ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಕೆಲಸ ಸಿಗಲಿಲ್ಲ.

ವಾಪಸ್ ಬರುವಾಗ ಹೇಳಿದಳು: “ಕೆಲಸ ಗೊತ್ತಿತ್ತು ಅಣ್ಣಾ. ಅರ್ಥ ಆಗ್ಲಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು.”

ಅವಳನ್ನು ಸೋಲಿಸಿದ್ದು ಜರ್ಮನ್ ಭಾಷೆ ಎಂದು ನಾನು ಒಪ್ಪುವುದಿಲ್ಲ. ಸೋಲಿಸಿದ್ದು ಎರಡು: ಮೂರು ತಿಂಗಳಲ್ಲಿ ಭಾಷೆ ಬರುತ್ತದೆ ಎಂಬ ಸುಳ್ಳು ಮತ್ತು ಗೊತ್ತಿಲ್ಲ ಎನ್ನಲು ನಾಚುವ ನಮ್ಮ ಹಳೇ ರೋಗ.

ಮೊದಲು ಸುಳ್ಳಿನ ಲೆಕ್ಕ ನೋಡೋಣ. ಜರ್ಮನ್ ಭಾಷೆಗೆ ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು. ದಿನನಿತ್ಯದ ವಿಷಯ ಹೇಗೋ ಮಾತಾಡಬಲ್ಲೆ ಎನ್ನುವುದು ಮೂರನೇ ಮೆಟ್ಟಿಲು, ಬಿ1. ಅಲ್ಲಿಗೆ ತಲುಪಲು 45 ನಿಮಿಷದ 350ರಿಂದ 650 ಪಾಠ ಬೇಕು ಎಂದು ಜರ್ಮನ್ ಕಲಿಸುವ ಗೋಥೆ ಇನ್‌ಸ್ಟಿಟ್ಯೂಟ್ ಹೇಳುತ್ತದೆ. ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂದು ಹೆಸರಾಗಿರುವುದು ಇದೇ ಸಂಸ್ಥೆ. ದಿನಕ್ಕೆ ಎರಡು ಪಾಠ ಎಂದರೂ ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಹನ್ನೊಂದು ತಿಂಗಳು. ಮೂರು ತಿಂಗಳಲ್ಲಿ ಮುಗಿಸಬೇಕಾದರೆ ಒಂದು ದಿನವೂ ಬಿಡದೆ ನಾಲ್ಕರಿಂದ ಏಳು ಪಾಠ ಓದಬೇಕು. ತೋಟದ ಕೆಲಸ, ಆಫೀಸಿನ ಕೆಲಸ ಮಾಡಿಕೊಂಡು ಯಾರಿಗೆ ಸಾಧ್ಯ?

ಏಜೆಂಟರು ಇನ್ನೊಂದು ಲೆಕ್ಕ ತೋರಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಜರ್ಮನಿ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿದ್ದು ನಿಜ. ಆದರೆ ಅದು ವೀಸಾದ ಲೆಕ್ಕ, ಕೆಲಸದ ಲೆಕ್ಕವಲ್ಲ. ‘ಬ್ಲೂ ಕಾರ್ಡ್’ ಎಂಬ ವೀಸಾಕ್ಕೆ ಜರ್ಮನ್ ಭಾಷೆ ಕಡ್ಡಾಯವಲ್ಲ ಎನ್ನುವುದೂ ನಿಜ. ಆದರೆ ಇಂಟರ್‌ವ್ಯೂ ಮಾಡುವುದು ಸರ್ಕಾರವಲ್ಲ, ಕಂಪನಿ. ಇಂಗ್ಲಿಷಿನಲ್ಲೇ ಎಲ್ಲ ನಡೆಯುವ ಕಂಪನಿಗಳು ಬರ್ಲಿನ್‌ನಂಥ ದೊಡ್ಡ ಊರಲ್ಲಿ ಇವೆ. ಸಣ್ಣ ಊರಿನ ಕಂಪನಿಗಳಲ್ಲಿ ಬೆಳಗಿನ ಮೀಟಿಂಗ್, ಗಿರಾಕಿಯ ಫೋನು, ಊಟದ ಹೊತ್ತಿನ ಹರಟೆ ಎಲ್ಲ ಜರ್ಮನ್‌ನಲ್ಲೇ. ಹೊಸಬರು ಹಿರಿಯರನ್ನು ಕೇಳಿ ಕೇಳಿ ಕಲಿಯಬೇಕಾದವರು. ಭಾಷೆ ಬಾರದ ಹೊಸಬರನ್ನು ಅವರು ಯಾಕೆ ತೆಗೆದುಕೊಳ್ಳುತ್ತಾರೆ?

ಹಾಗಾದರೆ ನಮ್ಮ ಮಕ್ಕಳಿಂದ ಆಗದ ಕೆಲಸವೇ ಇದು? ಖಂಡಿತ ಅಲ್ಲ.

ಪ್ರತಿ ಜುಲೈ 1ರಂದು ನಾವು ಪತ್ರಕರ್ತರು ಪತ್ರಿಕಾ ದಿನ ಆಚರಿಸುತ್ತೇವೆ. 1843ರ ಅದೇ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು. ಹೊರಡಿಸಿದ್ದು ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನ್. ಆತ ಮಂಗಳೂರಿಗೆ ಬಂದಿಳಿದದ್ದು 1836ರಲ್ಲಿ, 25ನೇ ವಯಸ್ಸಿನಲ್ಲಿ. ಏಳು ವರ್ಷದಲ್ಲಿ ಕನ್ನಡದಲ್ಲಿ ಪತ್ರಿಕೆ ನಡೆಸುವಷ್ಟು ಕನ್ನಡ ಕಲಿತ. ಆಮೇಲೆ ನಮ್ಮ ಕೊಡಗಿಗೂ ಬಂದು ಇದ್ದು, 1855ರಲ್ಲಿ ಕೊಡಗಿನ ಬಗ್ಗೆಯೇ ಪುಸ್ತಕ ಪ್ರಕಟಿಸಿದ. 1853ರಲ್ಲಿ ಬಂದ ಕಿಟೆಲ್‌ರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರು ಬಂದದ್ದು ಮತಪ್ರಚಾರಕ್ಕೆ, ಆ ಮಾತು ಬೇರೆ. ಆದರೆ ಯಾರೂ ಮೂರು ತಿಂಗಳಲ್ಲಿ ಕಲಿಯಲಿಲ್ಲ. ತಪ್ಪು ತಪ್ಪಾಗಿ ಮಾತಾಡಿ, ನಮ್ಮವರನ್ನೇ ಕೇಳಿ ಕೇಳಿ ಕಲಿತರು.

ಜರ್ಮನ್ ಕಲಿಯಲು ಕನ್ನಡ ಮೀಡಿಯಂ ಅಡ್ಡಿಯೂ ಅಲ್ಲ. ಹುಡುಗಿ ಒಂದು ದಿನ ನನಗೆ ತೋರಿಸಿದಳು. ‘ವೈಲ್ ಇಷ್ ಇನ್ ಮಡಿಕೇರಿ ವೋನೆ’ ಎಂದರೆ ‘ಯಾಕೆಂದರೆ ನಾನು ಮಡಿಕೇರಿಯಲ್ಲಿ ವಾಸಿಸುತ್ತೇನೆ’. ಒಂದೊಂದೇ ಪದ ಜೋಡಿಸಿ ನೋಡಿ, ಇಂಥ ವಾಕ್ಯದಲ್ಲಿ ಕ್ರಿಯಾಪದ ನಮ್ಮ ಹಾಗೆಯೇ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಯೋಚಿಸುವವರು ಇಲ್ಲಿ ಎಡವುತ್ತಾರೆ. ನಮ್ಮ ನೀವು, ನೀನು ಇದ್ದಂತೆ ಅಲ್ಲೂ ‘ಝೀ’, ‘ದು’ ಇವೆ. ಇಂಟರ್‌ವ್ಯೂನಲ್ಲಿ ‘ಝೀ’ಯಿಂದ ಶುರು ಮಾಡಿ. ಅವರಾಗಿ ‘ದು’ ಎಂದರೆ ಮಾತ್ರ ನೀವೂ ಹಾಗೆ ಕರೆಯಿರಿ. ಹಿರಿಯರೊಂದಿಗೆ ಮಾತಾಡಿ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹೇಳಿಕೊಡಬೇಕಾದದ್ದು ಬೇರೆ ಇದೆ. ‘ದಯವಿಟ್ಟು ಇನ್ನೊಮ್ಮೆ ಹೇಳುತ್ತೀರಾ’ ಎಂಬ ಒಂದು ವಾಕ್ಯವನ್ನು ಮೊದಲು ಕಲಿಯಿರಿ. ನೀವು ಬರೆದ ಪ್ರೋಗ್ರಾಂ ಏನು ಮಾಡುತ್ತದೆ ಎಂದು ಸಣ್ಣ ಸಣ್ಣ ವಾಕ್ಯದಲ್ಲಿ ದಿನಾ ಗಟ್ಟಿಯಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ವ್ಯಾಕರಣ ತಪ್ಪಿದರೆ ತಪ್ಪಲಿ. ಕಿವಿ ಪಳಗಬೇಕು, ಬಾಯಿ ಪಳಗಬೇಕು. ನಮ್ಮ ಶಾಲೆಗಳಲ್ಲಿ ಪ್ರಶ್ನೆ ಕೇಳಿದ ಮಕ್ಕಳನ್ನು ಸುಮ್ಮನೆ ಕೂರಿಸಿದ ಪಾಪವನ್ನು ಅವರು ಇಂಟರ್‌ವ್ಯೂನಲ್ಲಿ ಅನುಭವಿಸುತ್ತಿದ್ದಾರೆ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ದುಡ್ಡು ಕೊಡುವ ಮೊದಲು, ಏಜೆಂಟ್ ನೋಂದಾಯಿತನೇ ಎಂದು ಕೇಂದ್ರ ಸರ್ಕಾರದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ರಸೀದಿ ಕೊಡದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

‘ಎಲ್ಲರೂ ಹೊರಟುಹೋದರೆ ತೋಟ ನೋಡುವವರು ಯಾರು’ ಎಂದು ಕೆಲವರು ಕೇಳುತ್ತಾರೆ. ಮಕ್ಕಳು ಮಿಲಿಟರಿಗೆ ಹೋಗುವಾಗ ಈ ಜಿಲ್ಲೆ ಹೆಮ್ಮೆಯಿಂದಲೇ ಕಳಿಸಿತು. ಈಗ ಬೆಂಗಳೂರಿಗೆ ಹೇಗೂ ಹೋಗುತ್ತಿದ್ದಾರೆ. ಹೋಗುವವರು ಮೋಸ ಹೋಗದೆ ಹೋಗಲಿ ಎನ್ನುವುದಷ್ಟೇ ನನ್ನ ಮಾತು.

ಅದಕ್ಕೆ ಜಿಲ್ಲೆಯಲ್ಲಿ ಆಗಬೇಕಾದ ಕೆಲಸ ದೊಡ್ಡದೇನಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅಲ್ಲೊಂದು ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಒಂದು ಇನ್ವರ್ಟರ್, ಮಳೆಗಾಲದಲ್ಲೂ ನಿಲ್ಲದ ಇಂಟರ್‌ನೆಟ್ ಇರಲಿ. ಮಡಿಕೇರಿ, ಕುಶಾಲನಗರದ ಸರ್ಕಾರಿ ಕಾಲೇಜುಗಳಲ್ಲಿ ಸಂಜೆ ಹೊತ್ತು ವರ್ಷಪೂರ್ತಿ ನಡೆಯುವ ಒಂದು ಜರ್ಮನ್ ತರಗತಿ ಇರಲಿ. ಬೆಂಗಳೂರಿನಲ್ಲಿ ರೂಮು ಮಾಡಿ ಕಲಿಯುವ ಶಕ್ತಿ ಎಲ್ಲರ ಮನೆಯಲ್ಲೂ ಇಲ್ಲ.

ಪಕ್ಕದ ಮನೆಯ ಹುಡುಗಿ ಈಗ ರಾತ್ರಿ ಒಂದೂವರೆ ಗಂಟೆ ಆನ್‌ಲೈನ್ ಪಾಠ ಕೇಳುತ್ತಾಳೆ. ಎ2 ಮುಗಿದಿದೆ, ಬಿ1 ಅರ್ಧ ಆಗಿದೆ. ಮುಂದಿನ ಇಂಟರ್‌ವ್ಯೂ ಯಾವಾಗ ಎಂದು ಕೇಳಿದರೆ, “ಅವಸರ ಇಲ್ಲ ಅಣ್ಣಾ” ಎನ್ನುತ್ತಾಳೆ. ಅದು ಬರುವ ಹೊತ್ತಿಗೆ ನಮ್ಮ ಪಂಚಾಯಿತಿಯಲ್ಲಿ ಆ ಕೋಣೆ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ನಾನು ಕೇಳುತ್ತೇನೆ. ನಿಮ್ಮೂರಿನ ಸಭೆಯಲ್ಲಿ ನೀವೂ ಕೇಳಿ.