ಮೊದಲು ಥರ್ಮಾಮೀಟರು, ಆಮೇಲೆ ಕೂಲರು

ನಮ್ಮ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಈಗ ಏನುಂಟು ಏನಿಲ್ಲ ಹೇಳಿ. ಹೊರಗಿನ ಹವೆ ಎಷ್ಟು ಡಿಗ್ರಿ, ಯಾವ ಟೈರಿನಲ್ಲಿ ಗಾಳಿ ಎಷ್ಟು, ಇನ್ನೆಷ್ಟು ಕಿಲೋಮೀಟರಿಗೆ ಡೀಸೆಲ್ ಸಾಕು, ಕೊನೆಗೆ ಹಿಂದಿನ ಸೀಟಿನವರು ಬೆಲ್ಟ್ ಹಾಕಿಕೊಂಡಿದ್ದಾರೋ ಇಲ್ಲವೋ... ಎಲ್ಲಾ ತೋರಿಸುತ್ತೆ. ಆದರೆ ಎಂಜಿನ್ ಬಿಟ್ಟರೆ ಗಾಡಿಯಲ್ಲಿ ಅತ್ಯಂತ ದುಬಾರಿಯಾದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಎಷ್ಟು ಕಾದಿದೆ ಅಂತ ಕೇಳಿ ನೋಡಿ, ಬಹಳಷ್ಟು ಗಾಡಿಗಳು ಬಾಯಿ ಬಿಡೋದಿಲ್ಲ. ಒಂದು ಎಚ್ಚರಿಕೆಯ ದೀಪ ಇರುತ್ತೆ, ನಿಜ. ಅದು ಹತ್ತಿಕೊಂಡಾಗ ಗಾಡಿ ನಿಲ್ಲಿಸೋದು ಅಂದ್ರೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಇಲ್ಲಿ ಬ್ರಿಸ್ಬೇನ್‌ನಲ್ಲಿ ಫೋರ್ ವೀಲ್ ಡ್ರೈವ್ ಕೊಂಡವರೆಲ್ಲ ವಾರಾಂತ್ಯ ಬಂತೆಂದರೆ ಮರಳಿನ ಕಡೆ ಮುಖ ಮಾಡುತ್ತಾರೆ. ಅವರ ಜೊತೆ ಎರಡು ಸಲ ಹೋಗಿ ಬಂದರೆ ಸಾಕು, ನಿಮಗೂ ಉಪದೇಶ ಶುರುವಾಗುತ್ತೆ. ನಮ್ಮ ಹಾಸನದ ಗೆಳೆಯನೊಬ್ಬ, ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕಿನವನು, ನನ್ನ ಗಾಡಿ ನೋಡಿ ಕೇಳಿದ ಮೊದಲನೇ ಪ್ರಶ್ನೆಯೇ "ಗುರೂ, ಟ್ರಾನ್ಸ್‌ಮಿಷನ್ ಕೂಲರ್ ಹಾಕ್ಸಿದ್ಯಾ?" ಇಲ್ಲ ಕಣೋ, ಯಾಕೆ ಬೇಕು ಅಂದೆ. "ಸುಮ್ನೆ ಹಾಕ್ಸು ಮಗಾ. ಹೋದ್ರೆ ಮುನ್ನೂರು ಡಾಲರ್. ಗೇರ್‌ಬಾಕ್ಸ್ ಹೋದ್ರೆ ಸಾವಿರಗಟ್ಟಲೆ ಹೋಗತ್ತೆ."

ಈ "ಸುಮ್ನೆ ಹಾಕ್ಸು" ಅನ್ನೋದರ ಮೇಲೇ ನನ್ನ ತಕರಾರು. ನಾವು ಸಾಫ್ಟ್‌ವೇರಿನವರು, ಒಂದು ಪ್ರೋಗ್ರಾಮು ನಿಧಾನ ಅಂದರೆ ಎಲ್ಲಿ ನಿಧಾನ ಅಂತ ಅಳೆಯದೆ ಕೋಡ್ ಮುಟ್ಟಿದವನನ್ನು ರಿವ್ಯೂನಲ್ಲಿ ಹಿಡಿದು ಬೈತೀವಿ. ಅದೇ ಜನ ಗಾಡಿ ವಿಷಯಕ್ಕೆ ಬಂದಾಗ, ಅಳತೆ ಗಿಳತೆ ಏನೂ ಇಲ್ಲದೆ ಬಾನೆಟ್ ಎತ್ತಿ ಒಂದು ರೇಡಿಯೇಟರ್ ತೂಗುಹಾಕಿ ನೆಮ್ಮದಿಯಾಗಿ ನಿದ್ದೆ ಮಾಡ್ತೀವಲ್ಲ, ಇದಕ್ಕೇನಂತೀರಿ?

ಈ ಎಣ್ಣೆ ಕಾಯೋದಾದರೂ ಯಾಕೆ? ಮ್ಯಾನ್ಯುಯಲ್ ಗಾಡಿಯಲ್ಲಿ ಕ್ಲಚ್ ಇರುವ ಜಾಗದಲ್ಲಿ ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಅಂತ ಒಂದಿರುತ್ತೆ. ಎದುರು ಬದುರು ಎರಡು ಫ್ಯಾನ್ ಇಟ್ಟು ಒಂದನ್ನು ಓಡಿಸಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತಲ್ಲ, ಹಾಗೆ. ಗಾಳಿಯ ಬದಲು ಎಣ್ಣೆ, ಅಷ್ಟೇ. ಎಂಜಿನ್ ಕಡೆಯ ಫ್ಯಾನ್ ಜೋರಾಗಿ ತಿರುಗುತ್ತಾ, ಚಕ್ರದ ಕಡೆಯದು ನಿಧಾನವಾಗಿದ್ದರೆ, ನಡುವಿನ ವ್ಯತ್ಯಾಸದ ಶಕ್ತಿಯೆಲ್ಲ ಎಣ್ಣೆಯಲ್ಲಿ ಕಡೆದು ಕಡೆದು ಶಾಖವಾಗುತ್ತೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಒಳಗಿರುವ ಲಾಕ್ ಅಪ್ ಕ್ಲಚ್ ಎರಡನ್ನೂ ಕಚ್ಚಿ ಹಿಡಿಯುತ್ತೆ, ಆಗ ಕಡೆಯುವ ಕೆಲಸವೇ ಇಲ್ಲ. ಮೆತ್ತನೆ ಮರಳಿನಲ್ಲಿ ಗಂಟೆಗೆ 20 ಕಿಲೋಮೀಟರಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡು ತೆವಳುವಾಗ, ಅಥವಾ ಹಿಂದೆ ಟ್ರೇಲರ್ ಕಟ್ಟಿಕೊಂಡು ಘಾಟಿ ಹತ್ತುವಾಗ ಲಾಕ್ ಬಿಟ್ಟುಹೋಗುತ್ತೆ. ಬರೀ ಕಡೆಯೋದೇ.

ಸಾಮಾನ್ಯವಾಗಿ ಈ ಎಣ್ಣೆ 80-90 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದ್ದರೆ ಆರಾಮ. 100 ದಾಟಿದರೆ ಗಾಬರಿ ಬೇಡ, ಗಮನ ಇರಲಿ. 120 ದಾಟಿ ಅಲ್ಲೇ ಕೂತರೆ ಎಣ್ಣೆ ಬೇಗ ಬೇಗ ಹಾಳಾಗುತ್ತೆ. ಆಮೇಲೆ ಸೀಲುಗಳು ಗಟ್ಟಿಯಾಗುತ್ತವೆ, ಕ್ಲಚ್ ಪ್ಲೇಟುಗಳು ಜಾರೋಕೆ ಶುರು, ಜಾರಿದರೆ ಇನ್ನಷ್ಟು ಬಿಸಿ. ಪ್ರತಿ 10 ಡಿಗ್ರಿ ಹೆಚ್ಚಾದಂತೆ ಎಣ್ಣೆಯ ಆಯಸ್ಸು ಅರ್ಧ ಆಗುತ್ತೆ ಅನ್ನೋದು ಮೆಕ್ಯಾನಿಕ್‌ಗಳ ಬಾಯಿಲೆಕ್ಕ. ಲೆಕ್ಕ ಒರಟು, ಆದರೆ ದಿಕ್ಕು ಸರಿಯಾಗಿದೆ.

ಅಂದ ಹಾಗೆ, "ಈ ಎಣ್ಣೆ ಜೀವಮಾನ ಪೂರ್ತಿ ಬರುತ್ತೆ, ಬದಲಾಯಿಸಬೇಕಿಲ್ಲ" ಅಂತ ಕೆಲವು ಕಾರು ಕಂಪನಿಗಳು ಬರೀತಾವೆ. ಯಾರ ಜೀವಮಾನ ಸ್ವಾಮೀ? ಎಷ್ಟೋ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೊಮ್ಮೆ, ಇಲ್ಲವೇ ಎಂಟು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುತ್ತೆ. ಡಬ್ಬಿ ಮಾಡಿದವನ ಮಾತು ಕೇಳಬೇಕೋ, ಡಬ್ಬಿ ಮಾರಿದವನ ಮಾತೋ ನೀವೇ ಹೇಳಿ.

ಇರಲಿ, ಅಳತೆಗೆ ಬರೋಣ. ಸ್ಟಿಯರಿಂಗ್ ಕೆಳಗೆ ಮೆಕ್ಯಾನಿಕ್ ತನ್ನ ಯಂತ್ರ ಚುಚ್ಚುವ ಒಂದು ಸಾಕೆಟ್ ಇದೆಯಲ್ಲ, ಒಬಿಡಿ ಪೋರ್ಟ್, ಅದಕ್ಕೊಂದು ಚಿಕ್ಕ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಫೋನಿನಲ್ಲಿ ಒಂದು ಆಪ್ ಹಾಕಿಕೊಂಡರೆ ಆಯಿತು. ಎಂಜಿನ್ನಿನ ಅಂಕಿಗಳು ಎಲ್ಲಾ ಗಾಡಿಯಲ್ಲೂ ಒಂದೇ ಥರ ಬರುತ್ತವೆ. ಗೇರ್‌ಬಾಕ್ಸಿನದು ಮಾತ್ರ ಕಂಪನಿಗೊಂದು ಕೋಡ್, ನಿಮ್ಮ ಮಾಡೆಲ್ಲಿನದನ್ನು ಹುಡುಕಿ ಆಪ್‌ಗೆ ತುಂಬಿಸಬೇಕು. ತಮಾಷೆ ನೋಡಿ, ಗೇರ್‌ಬಾಕ್ಸ್ ಒಳಗೆ ಸೆನ್ಸರ್ ಮೊದಲಿನಿಂದ ಇದೆ, ಗಾಡಿಯ ಕಂಪ್ಯೂಟರ್ ಅದನ್ನು ಕ್ಷಣಕ್ಷಣಕ್ಕೂ ಓದ್ತಾ ಇದೆ. ಗಾಡಿಗೆ ದುಡ್ಡು ಕೊಟ್ಟ ನಮಗೆ ಮಾತ್ರ ಹೇಳೋದಿಲ್ಲ! ನನ್ನ ಇಡೀ ಕೋಪ ಇರೋದು ಇಲ್ಲಿ. ಒಂದು ಮೆನುವಿನಲ್ಲಿ ಎರಡು ಸಾಲಿನ ಕೋಡ್ ಸಾಕು, ದಿನಾ ಇದೇ ಕೆಲಸ ಮಾಡುವವನಾಗಿ ಹೇಳ್ತಾ ಇದೀನಿ. ತೋರಿಸಿದರೆ ಜನ ಹೆದರಿ ಡೀಲರಿಗೆ ಫೋನ್ ಮಾಡ್ತಾರೆ ಅನ್ನೋ ಭಯ ಇರಬೇಕು.

ನನ್ನದು ಹನ್ನೆರಡು ವರ್ಷ ಹಳೆಯ ಡೀಸೆಲ್ ಗಾಡಿ, ಐದು ಗೇರಿನ ಆಟೋಮ್ಯಾಟಿಕ್. ಎರಡು ತಿಂಗಳು ಏನೂ ಹಾಕಿಸದೆ ಬರೀ ಅಂಕಿ ಬರೆದುಕೊಂಡೆ. ಬ್ರೂಸ್ ಹೈವೇಯಲ್ಲಿ ಉತ್ತರಕ್ಕೆ ಹೊರಟರೆ 84-86, ಅಲ್ಲಾಡೋದಿಲ್ಲ. ಕ್ಯಾಂಪರ್ ಟ್ರೇಲರ್ ಎಳೆದುಕೊಂಡು ಕನಿಂಗ್‌ಹ್ಯಾಮ್ಸ್ ಗ್ಯಾಪ್ ಹತ್ತಿದಾಗ 113. ಕೆ'ಗಾರಿ ದ್ವೀಪದ ಒಳದಾರಿಯ ಸಡಿಲ ಮರಳಿನಲ್ಲಿ 122. (2023ರಲ್ಲಿ ಹಳೆಯ ಹೆಸರು ವಾಪಸ್ ಬರುವ ತನಕ ಫ್ರೇಸರ್ ಐಲ್ಯಾಂಡ್ ಅಂತಿದ್ದರಲ್ಲ, ಅದೇ. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ.) ಅಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೆ ಗಾಡಿಯನ್ನು ಮರಳಿನಲ್ಲಿ ಎಳೆದು ತಂದು, ಬಾರ್ಜ್ ಹತ್ತಿಸಿ ದಡ ಮುಟ್ಟಿಸಬೇಕು. ಖರ್ಚಿನ ಮಾತು ಬಿಡಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋದವನು ಉಬ್ಬರದ ನೀರು ಏರುವ ಹೊತ್ತಿಗೆ ಕಡಲತೀರದಲ್ಲಿ ಸಿಕ್ಕಿಕೊಂಡರೆ ಏನು ಗತಿ?

ಅಂಕಿ ಕಣ್ಣೆದುರು ಇದ್ದಾಗ ನಮ್ಮ ಡ್ರೈವಿಂಗೇ ಬದಲಾಗುತ್ತೆ. ಅದೇ ಮರಳು, ಅದೇ ದಾರಿ. ಟೈರಿನ ಗಾಳಿ 25 ಪಿಎಸ್‌ಐ ಇದ್ದದ್ದನ್ನು 18ಕ್ಕೆ ಇಳಿಸಿದೆ, ಟೈರು ಅಗಲವಾಗಿ ಮರಳಿನ ಮೇಲೆ ತೇಲಿದ ಹಾಗಾಯಿತು, ಬಿಸಿ 115ಕ್ಕೆ ಇಳಿಯಿತು. ಆಮೇಲೆ ಲೋ ರೇಂಜಿಗೆ ಹಾಕಿದೆ. ಲೋ ರೇಂಜ್ ಅಂದರೆ ಬರೀ ಬಂಡೆ ಹತ್ತೋದಕ್ಕೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಚಕ್ರಕ್ಕೆ ಬೇಕಾದ ಬಲವನ್ನು ಗೇರು ಕೊಟ್ಟರೆ ಕನ್ವರ್ಟರಿನ ಮೇಲಿನ ಭಾರ ಕಡಿಮೆ, ಜಾರೋದು ಕಡಿಮೆ, ಕಡೆಯೋದು ಕಡಿಮೆ. ಬಿಸಿ 103ಕ್ಕೆ ಬಂತು. ಒಂದು ಡಾಲರ್ ಖರ್ಚಿಲ್ಲ! ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿ ಹತ್ತಿಸುವ ಡ್ರೈವರ್‌ಗಳಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ಗಾಡಿ ಏದುಸಿರು ಬಿಡುವ ಮೊದಲೇ ಗೇರ್ ಇಳಿಸಿರುತ್ತಾರೆ. ಆಟೋಮ್ಯಾಟಿಕ್ ಬಂದು ನಮ್ಮ ಕಿವಿ ಮಂದ ಮಾಡಿದೆ.

ಹಾಗಾದರೆ ಕೂಲರ್ ಬೇಡವಾ? ನಾನಂತೂ ಹಾಕಿದೆ. ಮರಳಿಗಾಗಿ ಅಲ್ಲ, ಟ್ರೇಲರಿಗಾಗಿ. ಬೇಸಿಗೆಯ ಬಿಸಿಲಲ್ಲಿ ಭಾರ ಎಳೆಯುವಾಗ ಗಾಳಿ ಇಳಿಸೋಕಾಗಲ್ಲ, ಹೈವೇಯಲ್ಲಿ ಲೋ ರೇಂಜ್ ಅಂತೂ ದೂರದ ಮಾತು. ಗೇರ್ ಇಳಿಸಿ ನಿಧಾನಕ್ಕೆ ಹತ್ತಿದರೂ ನನ್ನ ಅಂಕಿ 108ರ ಕೆಳಗೆ ಬರಲಿಲ್ಲ. ಅಳೆದ ಮೇಲೆ ಹಾಕಿದ್ದಕ್ಕೂ, ಗೆಳೆಯ ಹೇಳಿದ ಅಂತ ಹಾಕಿದ್ದಕ್ಕೂ ವ್ಯತ್ಯಾಸ ಇದೆ: ಎಷ್ಟು ದೊಡ್ಡದು ಬೇಕು ಅನ್ನೋದು ನನಗೆ ಗೊತ್ತಿತ್ತು.

ಕೆಲಸ ಒಂದು ಶನಿವಾರದ್ದು, ಕಷ್ಟ ಏನಿಲ್ಲ. ಆದರೆ ಸಣ್ಣ ವಿಷಯಗಳೇ ಇಲ್ಲಿ ಮುಖ್ಯ. ಬಳುಕಿಸಿದ ಕೊಳವೆಗೆ ರೆಕ್ಕೆ ಅಂಟಿಸಿದ ಅಗ್ಗದ ಕೂಲರಿಗಿಂತ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಂಥದ್ದು ಅದೇ ಅಳತೆಯಲ್ಲಿ ಹೆಚ್ಚು ಶಾಖ ಬಿಡುತ್ತೆ. ಅದನ್ನು ಎಸಿ ಕಂಡೆನ್ಸರಿನ ಮುಂದೆ ಗಾಳಿ ಬೀಳುವ ಕಡೆ ಕೂರಿಸಬೇಕು. ಕಿಟ್ ಜೊತೆ ಪ್ಲಾಸ್ಟಿಕ್ ದಾರಗಳನ್ನು ಕೊಟ್ಟು, ಕಂಡೆನ್ಸರಿನ ರೆಕ್ಕೆಗಳ ನಡುವೆ ತೂರಿಸಿ ಕಟ್ಟಿ ಅಂತಾರೆ. ದಯವಿಟ್ಟು ಬೇಡ. ಕಚ್ಚಾ ರಸ್ತೆಯ ಕುಲುಕಾಟಕ್ಕೆ ಅದು ಉಜ್ಜಿ ಉಜ್ಜಿ ಕಂಡೆನ್ಸರನ್ನೇ ತೂತು ಮಾಡುತ್ತೆ. ಎರಡು ಅಲ್ಯೂಮಿನಿಯಂ ಪಟ್ಟಿ ತಂದು ಬ್ರಾಕೆಟ್ ಮಾಡಿಕೊಳ್ಳಿ. ಹೋಸ್ ಕೂಡ ಗೇರ್‌ಬಾಕ್ಸ್ ಎಣ್ಣೆಗೆಂದೇ ಮಾಡಿದ್ದಾಗಿರಲಿ, ಮನೆಯಲ್ಲಿದ್ದ ಯಾವುದೋ ರಬ್ಬರ್ ಪೈಪು ಬಿಸಿ ಎಣ್ಣೆಗೆ ಮೆತ್ತಗಾಗಿ ಒಂದಿನ ಕಿತ್ತುಕೊಳ್ಳುತ್ತೆ. ಕಿತ್ತುಕೊಂಡರೆ ಪಂಪು ಎಣ್ಣೆಯೆಲ್ಲ ರಸ್ತೆಗೆ ಸುರಿಯೋದಕ್ಕೆ ಜಾಸ್ತಿ ಹೊತ್ತು ಬೇಡ. ಹಾಗಾಗಿ ಬಿಸಿ ಗೇರ್‌ಬಾಕ್ಸ್ ಉಳಿಸೋಕೆ ಹೋಗಿ ಒಣ ಗೇರ್‌ಬಾಕ್ಸ್ ಮಾಡಿಕೊಂಡವರೂ ಇದ್ದಾರೆ. "ಸುಮ್ನೆ ಹಾಕ್ಸು" ಅನ್ನುವವರು ಇದನ್ನು ಹೇಳೋದಿಲ್ಲ. ಎಲ್ಲೂ ಸೋರಬಾರದ ದಾರಿಗೆ ನಾಲ್ಕು ಹೊಸ ಜಾಯಿಂಟ್ ಸೇರಿಸ್ತಾ ಇದೀವಿ ಅನ್ನೋದು ನೆನಪಿರಬೇಕು.

ಇನ್ನು ದೊಡ್ಡ ಜಗಳದ ವಿಷಯ: ಹಳೆ ರೇಡಿಯೇಟರ್ ದಾರಿಯನ್ನು ಉಳಿಸಬೇಕೋ, ಪೂರ್ತಿ ತಪ್ಪಿಸಬೇಕೋ? ಗಾಡಿ ತಯಾರಾಗಿ ಬರುವಾಗಲೇ ಬಹುತೇಕ ಎಂಜಿನ್ ರೇಡಿಯೇಟರಿನ ಒಳಗೆ ಈ ಎಣ್ಣೆಗೊಂದು ಕೊಳವೆ ಇರುತ್ತೆ. ತಪ್ಪಿಸಿ ಅನ್ನುವವರ ವಾದಕ್ಕೆ ಆಧಾರ ಇದೆ. ಅಮೆರಿಕದಲ್ಲಿ 2005ರಿಂದ 2010ರ ನಿಸ್ಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾ, ಫ್ರಾಂಟಿಯರ್ ಗಾಡಿಗಳಲ್ಲಿ ರೇಡಿಯೇಟರಿನ ಒಳಗೇ ಸೋರಿ ಕೂಲೆಂಟ್ ಗೇರ್‌ಬಾಕ್ಸಿಗೆ ಇಳಿದ ದೂರುಗಳು ಎಷ್ಟು ಬಂದವೆಂದರೆ, ಸಾಮೂಹಿಕ ಮೊಕದ್ದಮೆಯಾಗಿ ಕಂಪನಿ ರೇಡಿಯೇಟರಿನ ವಾರಂಟಿ ಹೆಚ್ಚಿಸಬೇಕಾಯಿತು. ಎರಡೂ ಬೆರೆತ ಗುಲಾಬಿ ನೊರೆಗೆ ಅಲ್ಲಿಯವರು ಸ್ಟ್ರಾಬೆರಿ ಮಿಲ್ಕ್‌ಶೇಕ್ ಅಂತ ಹೆಸರಿಟ್ಟಿದ್ದಾರೆ :-) ಕುಡಿದ ಗೇರ್‌ಬಾಕ್ಸ್ ಮಾತ್ರ ಉಳಿಯೋದು ಕಷ್ಟ, ಕ್ಲಚ್ ಪ್ಲೇಟಿನ ಕಾಗದದಂಥ ಪದರ ನೀರು ಹೀರಿ ಕಿತ್ತುಬರುತ್ತೆ.

ಆದರೂ ನಾನು ತಪ್ಪಿಸಲಿಲ್ಲ. ಆ ಕೊಳವೆ ಎಣ್ಣೆಯನ್ನು ತಣಿಸೋದು ಅರ್ಧ ಕೆಲಸ, ಬೆಳಿಗ್ಗೆ ತಣ್ಣಗಿರುವಾಗ ಬೇಗ ಬೆಚ್ಚಗೆ ಮಾಡೋದು ಇನ್ನರ್ಧ. ಎಣ್ಣೆ ಒಂದು ಮಟ್ಟಕ್ಕೆ ಬೆಚ್ಚಗಾಗದೆ ಎಷ್ಟೋ ಗೇರ್‌ಬಾಕ್ಸ್‌ಗಳು ಲಾಕ್ ಅಪ್ ಕ್ಲಚ್ಚನ್ನು ಹಿಡಿಯೋದೇ ಇಲ್ಲ. ಅದಕ್ಕೇ ಕೂಲರ್ ದೊಡ್ಡದಾದಷ್ಟೂ ಒಳ್ಳೇದು ಅನ್ನೋದು ಸುಳ್ಳು. ಎಣ್ಣೆ ಮೊದಲು ರೇಡಿಯೇಟರಿಗೆ, ಅಲ್ಲಿಂದ ಹೊಸ ಕೂಲರಿಗೆ, ಅಲ್ಲಿಂದ ವಾಪಸ್ ಗೇರ್‌ಬಾಕ್ಸಿಗೆ ಹೋಗುವಂತೆ ಜೋಡಿಸಿ, ಹನ್ನೆರಡು ವರ್ಷದ ಹಳೆ ರೇಡಿಯೇಟರನ್ನು ಅದೇ ದಿನ ಬದಲಾಯಿಸಿಬಿಟ್ಟೆ. ಸೋರುವ ಭಯಕ್ಕೆ ಮದ್ದು ಹೊಸ ರೇಡಿಯೇಟರೇ ಹೊರತು ಅಡ್ಡದಾರಿಯಲ್ಲ ಅನ್ನೋದು ನನ್ನ ಪಕ್ಷ. ಕೆನಡಾದಲ್ಲೋ ಜರ್ಮನಿಯಲ್ಲೋ ಇದ್ದು ಇದನ್ನು ಓದ್ತಾ ಇರೋರು ರೇಡಿಯೇಟರ್ ತಪ್ಪಿಸಲೇಬೇಕಂತಿದ್ದರೆ, ಎಣ್ಣೆ ಬೆಚ್ಚಗಾದ ಮೇಲಷ್ಟೇ ಕೂಲರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಹಾಕದೆ ಕೈಹಚ್ಚಬೇಡಿ.

ಈಗ ಅದೇ ಕನಿಂಗ್‌ಹ್ಯಾಮ್ಸ್ ಗ್ಯಾಪ್, ಅದೇ ಟ್ರೇಲರ್, 97. ಹೈವೇಯಲ್ಲಿ 80. ಹಾಸನದ ಗೆಳೆಯ "ನಾನು ಹೇಳ್ಲಿಲ್ವಾ?" ಅಂತಾನೆ. ಅವನ ಗಾಡಿಯಲ್ಲಿ ಎಷ್ಟಿದೆ ಅಂತ ಕೇಳಿದೆ. "ಗೊತ್ತಿಲ್ಲ ಗುರೂ, ಆದ್ರೆ ಕೂಲರ್ ಇದೆಯಲ್ಲ." ನನ್ನ ಅಡಾಪ್ಟರ್ ಈಗ ಅವನ ಹತ್ತಿರ ಇದೆ.

ನೀವೇ ಹಾಕಿಕೊಳ್ಳೋದಾದರೆ ಕೊನೆಗೆ ಒಂದು ಮಾತು. ಹೊಸ ಕೂಲರೂ ಹೋಸೂ ಸೇರಿ ಒಂದಷ್ಟು ಎಣ್ಣೆ ಕುಡಿಯುತ್ತವೆ, ಮಟ್ಟ ಮತ್ತೆ ನೋಡಲೇಬೇಕು. ಈಗಿನ ಎಷ್ಟೋ ಗಾಡಿಗಳಲ್ಲಿ ಅಳೆಯುವ ಕಡ್ಡಿಯೇ ಇಲ್ಲ, ಎಂಜಿನ್ ಓಡುತ್ತಿರುವಾಗ, ಎಣ್ಣೆ ಕಂಪನಿ ಹೇಳಿದ ಬಿಸಿಯಲ್ಲಿರುವಾಗ ಕೆಳಗಿನ ಬೋಲ್ಟ್ ಬಿಚ್ಚಿ ನೋಡಬೇಕು. ಆ ಬಿಸಿ ಎಷ್ಟಿದೆ ಅಂತ ತಿಳಿಯೋಕೂ ಬೇಕಾಗೋದು ಮತ್ತದೇ ಅಂಕಿ. ಯಾವ ಎಣ್ಣೆ ಅನ್ನೋದನ್ನು ಮ್ಯಾನ್ಯುಯಲ್ ನೋಡಿಯೇ ತನ್ನಿ, ಅಂಗಡಿಯವನು "ಇದು ಎಲ್ಲದಕ್ಕೂ ಆಗುತ್ತೆ ಮೇಟ್" ಅಂದರೆ ನಂಬಬೇಡಿ. ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಂದು ಬೆಳಿಗ್ಗೆ ಟಾರ್ಚ್ ಹಿಡಿದು ನಾಲ್ಕೂ ಜಾಯಿಂಟಿಗೆ ಬಿಳಿ ಟಿಶ್ಯೂ ಒತ್ತಿ ನೋಡಿ. ಕೆಂಪು ಕಂಡರೆ ಆ ಕ್ಲಾಂಪ್ ಅರ್ಧ ಸುತ್ತು ಬಿಗಿ ಮಾಡಿ, ಮಾರನೇ ದಿನ ಮತ್ತೆ ಒತ್ತಿ ನೋಡಿ.