ಮಂಜಿನಲ್ಲಿ ಆ ಹದಿನೈದು ನಿಮಿಷ ಯಾರ ಲೆಕ್ಕಕ್ಕೆ?

ಧನುರ್ಮಾಸ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ದೇವಸ್ಥಾನದ ಮೈಕು ಕೋಳಿ ಕೂಗುವ ಮೊದಲೇ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ನಮ್ಮ ಕಡೆಯ ಎಷ್ಟೋ ಹುಡುಗರು ಬೆಂಗಳೂರಿನಲ್ಲಿ ಕ್ಯಾಬ್ ಸ್ಟಾರ್ಟ್ ಮಾಡಿ ಆಗಿರುತ್ತದೆ. ಬೆಳಗಿನ ಫ್ಲೈಟ್ ಹಿಡಿಯುವವರ ಏರ್‌ಪೋರ್ಟ್ ಟ್ರಿಪ್ ಸಿಗುವುದೇ ಆ ಹೊತ್ತಿನಲ್ಲಿ. ಹೆಬ್ಬಾಳ, ಯಲಹಂಕ ದಾಟಿ ದೇವನಹಳ್ಳಿ ಕಡೆ ಹೋಗುವ ರಸ್ತೆಗೆ ಮಂಜು ಇಳಿಯುವುದೂ ಆಗಲೇ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ಮಂಡ್ಯ ಸೀಮೆಯಲ್ಲಿ ಎಲ್ಲೋ ಬೋರ್ಡ್ ಗಾಡಿ ಓಡಿಸುವ ಒಬ್ಬನಾದರೂ ಇಲ್ಲದ ಊರು ಹುಡುಕುವುದು ಕಷ್ಟ. ಹಾಗಾಗಿ ಇದು ಬೆಂಗಳೂರಿನವರ ವಿಷಯ ಅಂತ ಯಾರೂ ಪಕ್ಕಕ್ಕೆ ಇಡಬೇಡಿ.

ದೆಹಲಿಯ ಮಂಜು ಟಿವಿಯಲ್ಲಿ ದಿನವಿಡೀ ಬರುತ್ತದೆ. ನಮ್ಮದು ಎರಡು ಮೂರು ಗಂಟೆ ಇದ್ದು ಬಿಸಿಲೇರಿದಂತೆ ಕರಗಿ ಹೋಗುತ್ತದೆ, ಆದ್ದರಿಂದ ಸುದ್ದಿಯಾಗುವುದು ಕಡಿಮೆ. ಈ ಸೀಮೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ, ನೆಲದ ಹತ್ತಿರದ ತೇವದ ಗಾಳಿ ಮಂಜಾಗಿ ನಿಲ್ಲುತ್ತದೆ. ಕೆರೆ, ತೋಟ, ತಗ್ಗು ಇರುವ ಕಡೆ ಹೆಚ್ಚು. ಫ್ಲೈಓವರ್ ಮೇಲೆ ಎಲ್ಲ ಚೆನ್ನಾಗಿ ಕಾಣುತ್ತಿರುತ್ತದೆ, ಕೆಳಗೆ ಇಳಿದ ಕೂಡಲೇ ಎದುರಿಗೆ ಬಿಳಿ ಗೋಡೆ. ನಮ್ಮ ಮಂಜಿನ ಅಪಾಯ ಇದೇ. ಅದು ಉದ್ದಕ್ಕೂ ಇರುವುದಿಲ್ಲ, ತುಂಡು ತುಂಡಾಗಿ ಇರುತ್ತದೆ. ಹಿಂದಿನ ಒಂದು ಕಿಲೋಮೀಟರ್ ಸರಿಯಿತ್ತು ಎಂಬ ಧೈರ್ಯದಲ್ಲಿ ಡ್ರೈವರ್ ಮುಂದಿನದಕ್ಕೆ ನುಗ್ಗುತ್ತಾನೆ.

ಒಂದು ಲೆಕ್ಕ ಹೇಳುತ್ತೇವೆ. 80 ಕಿ.ಮೀ. ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮುಂದೆ ಏನೋ ಇದೆ ಅಂತ ಕಂಡು ಕಾಲು ಬ್ರೇಕಿಗೆ ಹೋಗುವುದಕ್ಕೇ ಒಂದೂವರೆ ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ 33 ಮೀಟರ್ ಹೋಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆ, ಒಳ್ಳೆಯ ಟೈರ್ ಇದ್ದರೂ ನಿಲ್ಲಲು ಇನ್ನೊಂದು 35 ಮೀಟರ್ ಬೇಕು. ಒಟ್ಟು 70 ಮೀಟರ್ ಹತ್ತಿರ. ಅದೇ 40ರಲ್ಲಿ ಹೋದರೆ 26 ಮೀಟರ್‌ನಲ್ಲಿ ಗಾಡಿ ನಿಲ್ಲುತ್ತದೆ. ಮಂಜಿನಲ್ಲಿ 30 ಮೀಟರ್ ಆಚೆಗೆ ಏನೂ ಕಾಣುತ್ತಿಲ್ಲ ಅಂದರೆ 80ರಲ್ಲಿ ಹೋಗುವವನು ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆಯೇ. ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ಗಾಡಿ ನಿಲ್ಲುವ ಹಾಗಿರಬೇಕು, ಮಿಕ್ಕ ಸೂತ್ರಗಳೆಲ್ಲ ಆಮೇಲೆ.

ಈ ಲೆಕ್ಕ ಡ್ರೈವರ್‌ಗಳಿಗೆ ಗೊತ್ತಿಲ್ಲ ಅಂತಲ್ಲ. ಅಂಕಿ ಹೇಳಲು ಬಾರದಿದ್ದರೂ ಕಾಲಿಗೆ ಗೊತ್ತಿರುತ್ತದೆ. ಆದರೆ ಮಂಜು ಮುಸುಕಿದ ದಾರಿ 20 ಕಿಲೋಮೀಟರ್ ಇದೆ ಅಂತ ಇಟ್ಟುಕೊಳ್ಳಿ. 80ರಲ್ಲಿ ಹೋದರೆ 15 ನಿಮಿಷ, 40ರಲ್ಲಿ ಹೋದರೆ 30 ನಿಮಿಷ. ವ್ಯತ್ಯಾಸ ಹದಿನೈದೇ ನಿಮಿಷ. ಆ ಹದಿನೈದು ನಿಮಿಷವನ್ನು ಅವನಿಗೆ ಕೊಡಲು ಯಾರೂ ತಯಾರಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಫ್ಲೈಟ್ ತಪ್ಪುತ್ತದೆ. ಆ್ಯಪ್‌ಗೆ ಮುಂದಿನ ಟ್ರಿಪ್ ಇದೆ. ಗಾಡಿ ಬೇರೆಯವರದಾದರೆ ಓನರ್‌ಗೆ ದಿನದ ಬಾಡಿಗೆ ಕಟ್ಟಬೇಕು, ತನ್ನದೇ ಆದರೆ ತಿಂಗಳ ಇಎಂಐ. ಎಲ್ಲರ ಅವಸರವೂ ಬಂದು ಕೂರುವುದು ಅವನ ಬಲಗಾಲಿನ ಮೇಲೆ.

ಅವನು ಹಿಡಿಸಲು ಓಡುತ್ತಿರುವ ವಿಮಾನದ ಕಡೆ ಒಮ್ಮೆ ನೋಡಿ. ಮಂಜು ಬಂದರೆ ಏನು ಮಾಡಬೇಕು ಅಂತ ಅಲ್ಲಿ ಮೊದಲೇ ಯೋಚಿಸಿದ್ದಾರೆ. ಕೆಂಪೇಗೌಡ ವಿಮಾನ ನಿಲ್ದಾಣದ ದಕ್ಷಿಣ ರನ್‌ವೇಗೆ 2020ರ ಕೊನೆಗೆ ಕ್ಯಾಟ್-3ಬಿ ಎಂಬ ವ್ಯವಸ್ಥೆ ಬಂತು. ಸಜ್ಜಾದ ವಿಮಾನ, ತರಬೇತಾದ ಪೈಲಟ್ ಇದ್ದರೆ 50 ಮೀಟರ್ ಮಾತ್ರ ಕಾಣುತ್ತಿದ್ದರೂ ಇಳಿಯಬಹುದು. ಅದಕ್ಕೂ ಕಡಿಮೆಯಾದರೆ ವಿಮಾನ ಕಾಯುತ್ತದೆ, ಇಲ್ಲವೇ ಚೆನ್ನೈಗೋ ಹೈದರಾಬಾದಿಗೋ ತಿರುಗುತ್ತದೆ. ಪೈಲಟ್ ಎಷ್ಟು ಗಂಟೆ ಕೆಲಸ ಮಾಡಬಹುದು ಎಂಬುದಕ್ಕೂ ನಿಯಮವಿದೆ. ತಡವಾಯಿತು ಅಂತ ಪೈಲಟ್‌ಗೆ ಯಾರೂ ಒಂದು ಸ್ಟಾರ್ ಕೊಡುವುದಿಲ್ಲ. ಕ್ಯಾಬ್ ಡ್ರೈವರ್ ಹತ್ತಿರ ಇರುವುದು ಎರಡು ವೈಪರ್ ಮತ್ತು ಒಂದು ಮಾಸಿದ ಬಟ್ಟೆ.

ಆ ಬಟ್ಟೆಯ ವಿಷಯಕ್ಕೆ ಬರೋಣ, ಯಾಕೆಂದರೆ ಡ್ರೈವರ್ ಅಣ್ಣಂದಿರು ಇದನ್ನೂ ಓದುತ್ತಿರುತ್ತೀರಿ. ಚಳಿಗಾಲ ಅಂತ ಎಸಿ ಆಫ್ ಮಾಡಿ, ಗ್ಲಾಸ್ ಪೂರ್ತಿ ಏರಿಸಿ ಓಡಿಸುವವರು ತುಂಬ ಜನ. ಡೀಸೆಲ್ಲೋ ಗ್ಯಾಸೋ ಉಳಿಯುತ್ತದೆ ನಿಜ. ಆದರೆ ಒಳಗೆ ನಾಲ್ಕು ಜನ ಉಸಿರಾಡಿದರೆ ಆ ತೇವವೆಲ್ಲ ಮುಂದಿನ ಗ್ಲಾಸಿಗೆ ಒಳಗಡೆಯಿಂದ ಕೂರುತ್ತದೆ. ಹೊರಗಿನ ಮಂಜಿನ ಜೊತೆ ಒಳಗಿನ ಮಂಜು. ಎಡಗೈಯಲ್ಲಿ ಬಟ್ಟೆ ಹಿಡಿದು ಉಜ್ಜುತ್ತಾ ಓಡಿಸಿದರೆ ಗ್ಲಾಸಿನ ತುಂಬ ಜಿಡ್ಡಿನ ಗೆರೆ, ಎದುರಿನ ಲೈಟ್ ಬಿದ್ದಾಗ ಕಣ್ಣು ಕುಕ್ಕುತ್ತದೆ. ಎಸಿ ಗಾಳಿಯನ್ನು ತಣ್ಣಗೆ ಮಾಡುವುದಷ್ಟೇ ಅಲ್ಲ, ಒಣಗಿಸುತ್ತದೆ ಕೂಡ. ಎಸಿ ಆನ್ ಮಾಡಿ, ಚಳಿಯಾದರೆ ಹೀಟರ್ ಕಡೆಗೆ ನಾಬ್ ತಿರುಗಿಸಿ, ಗಾಳಿ ಗ್ಲಾಸಿಗೆ ಬಡಿಯುವಂತೆ ಇಡಿ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಮಾಡಿ ಹೊರಗಿನ ಗಾಳಿ ಬಿಡಿ. ಗ್ಲಾಸ್ ಬೇಗ ತಿಳಿಯಾಗುತ್ತದೆ. ಗ್ಲಾಸನ್ನು ಒಳಗಡೆಯಿಂದ ಒರೆಸುವ ಕೆಲಸ ಹಿಂದಿನ ರಾತ್ರಿಯೇ ಮುಗಿದಿರಲಿ.

ಲೈಟ್ ವಿಷಯದಲ್ಲೂ ಉಲ್ಟಾ ಅಭ್ಯಾಸವೇ ಹೆಚ್ಚು. ಕಾಣುತ್ತಿಲ್ಲ ಅಂತ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ತಗುಲಿ ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್ ಇರಲಿ, ಅದು ರಸ್ತೆಯ ಮೇಲೆ ಬೀಳುತ್ತದೆ. ಹೋಗುತ್ತಿರುವಾಗಲೇ ನಾಲ್ಕೂ ಇಂಡಿಕೇಟರ್ ಮಿಣುಕಿಸುವುದು ಈಗ ಫ್ಯಾಷನ್ ಆಗಿದೆ. ಹಿಂದಿನವನಿಗೆ ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ ತಿಳಿಯುವುದಿಲ್ಲ, ಲೇನ್ ಬದಲಿಸಿದರೂ ಗೊತ್ತಾಗುವುದಿಲ್ಲ. ಗಾಡಿ ಕೆಟ್ಟು ನಿಂತಾಗ ಅದು ಬೇಕೇ ಬೇಕು. ಆಗಲೂ ರಸ್ತೆಯಿಂದ ಎಷ್ಟಾಗುತ್ತದೋ ಅಷ್ಟು ಕೆಳಗಿಳಿಸಿ, ಪ್ರಯಾಣಿಕರನ್ನು ಗಾಡಿಯಿಂದ ದೂರ ನಿಲ್ಲಿಸಿ. ಟೈರ್, ವೈಪರ್ ರಬ್ಬರ್ ವಿಷಯ ನಿಮಗೆ ನಾವು ಹೇಳಿಕೊಡಬೇಕಿಲ್ಲ.

ಮಂಜಿಗಿಂತ ನಮಗೆ ಭಯ ಹೆಚ್ಚಿರುವುದು ನಿದ್ದೆಯದು. ರಾತ್ರಿ ಎರಡರಿಂದ ಐದರವರೆಗೆ ಮನುಷ್ಯನ ದೇಹ ತಾನಾಗಿ ಜೋಲುತ್ತದೆ. ಹಿಂದಿನ ಸಂಜೆಯಿಂದ ಡ್ಯೂಟಿಯಲ್ಲಿರುವವನಿಗೆ, ಬೆಚ್ಚಗಿನ ಕಾರಿನಲ್ಲಿ, ಎದುರಿಗೆ ಬಿಳಿ ಬಿಟ್ಟು ಬೇರೇನೂ ಕಾಣದ ದಾರಿಯಲ್ಲಿ ಕಣ್ಣು ಮುಚ್ಚಲು ಎಷ್ಟು ಹೊತ್ತು? ಬೀಡಿ, ಗುಟ್ಕಾ, ಜೋರು ಹಾಡು ನಿದ್ದೆಯನ್ನು ಓಡಿಸುವುದಿಲ್ಲ, ಸ್ವಲ್ಪ ಮುಂದೂಡುತ್ತವೆ. ಒಂದು ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗುವುದು ಅವೆಲ್ಲಕ್ಕಿಂತ ಮೇಲು. ಮಲಗುವಾಗ ಎಂಜಿನ್ ಆಫ್ ಇರಲಿ. ಚಳಿಗೆ ಎಂಜಿನ್ ಆನ್ ಇಟ್ಟು, ಗ್ಲಾಸ್ ಮುಚ್ಚಿ ಮಲಗಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಬಹುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ಒಂದು ಕಂಬಳಿ ಡಿಕ್ಕಿಯಲ್ಲಿರಲಿ, ಗ್ಲಾಸ್ ಎರಡು ಬೆರಳು ಇಳಿದಿರಲಿ. ಸೊಳ್ಳೆ ಕಚ್ಚುತ್ತದೆ, ಕಚ್ಚಲಿ.

ಕೆಲಸದ ಗಂಟೆಗೆ ಕಾನೂನು ಇಲ್ಲವೇ? ಇದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತಿತ್ತು. ಆದರೆ ಅದು ಇದ್ದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಸಾಲ ಮಾಡಿ ಸ್ವಂತ ಕಾರು ತೆಗೆದುಕೊಂಡವನನ್ನು ಆ್ಯಪ್ ತನ್ನ ಕಾರ್ಮಿಕ ಎಂದು ಒಪ್ಪುವುದೇ ಇಲ್ಲ, ಪಾರ್ಟ್ನರ್ ಅನ್ನುತ್ತದೆ. 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆ್ಯಪ್ ಕಂಪನಿಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ದಿನಕ್ಕೆ 12 ಗಂಟೆಗಿಂತ ಹೆಚ್ಚು ಲಾಗಿನ್ ಇರಬಾರದು, ಆಮೇಲೆ 10 ಗಂಟೆ ವಿರಾಮ ಕೊಡಬೇಕು, ಒಬ್ಬನೇ ಎರಡು ಆ್ಯಪ್‌ನಲ್ಲಿದ್ದರೆ ಎರಡರ ಗಂಟೆಯನ್ನೂ ಕೂಡಿಸಬೇಕು ಅಂತ ಬರೆದಿತ್ತು. ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಇದರಲ್ಲಿ ಲಾಗ್ ಔಟ್ ಆಗಿ ಅದರಲ್ಲಿ ಲಾಗಿನ್ ಆಗುವವನ ಗಂಟೆಯನ್ನು ಕೂಡಿಸುವವರು ಯಾರು?

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಸಾಮಾಜಿಕ ಭದ್ರತೆಯ ಕಾನೂನು ಮಾಡಿತು, ಕಂಪನಿಗಳಿಂದ ಶುಲ್ಕ ಪಡೆದು ಕಲ್ಯಾಣ ನಿಧಿ ಕಟ್ಟುತ್ತದೆ. ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಪರಿಹಾರದ ದುಡ್ಡು ಅಪಘಾತವಾದ ಮೇಲೆ ಬರುವಂಥದ್ದು. ಅದಕ್ಕೂ ಮೊದಲು ಆಗಬೇಕಾದ ಕೆಲಸಕ್ಕೆ ದೊಡ್ಡ ದುಡ್ಡೂ ಬೇಕಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಟ್ರಿಪ್‌ಗಳಿಗೆ ಆ್ಯಪ್ ತಾನಾಗಿಯೇ ಸಮಯ ಕೂಡಿಸಿ ತೋರಿಸಲಿ. ಮಳೆ ಬಂದರೆ ಒಂದೇ ನಿಮಿಷದಲ್ಲಿ ರೇಟ್ ಏರಿಸಲು ಬರುವ ಆ್ಯಪ್‌ಗೆ ಇದು ಬಾರದೇ? ಮಂಜಿನ ಹೊತ್ತಿನ ತಡಕ್ಕೆ ರೇಟಿಂಗ್ ಕಡಿಯಬಾರದು, ಇನ್ಸೆಂಟಿವ್ ತಪ್ಪಬಾರದು. ಇಷ್ಟನ್ನು ಸಾರಿಗೆ ಇಲಾಖೆ ಲೈಸೆನ್ಸ್ ಷರತ್ತಿನಲ್ಲೇ ಸೇರಿಸಲಿ.

ಇನ್ನು ಮನೆಯವರ ಪಾಲು. ಮಗ ಡ್ಯೂಟಿಯಲ್ಲಿದ್ದಾನೆ ಅಂತ ಗೊತ್ತಿದ್ದೂ ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಹಸು ಕರು ಹಾಕಿದ್ದು ಹೇಳುವುದು ಬೇಡ, ಏಳೂವರೆಗೆ ಹೇಳಿದರೂ ಕರು ಅಲ್ಲೇ ಇರುತ್ತದೆ. ವಾರವಿಡೀ ನಿದ್ದೆಗೆಟ್ಟು ಊರಿಗೆ ಬಂದವನನ್ನು ಅದೇ ರಾತ್ರಿ ತಿರುಪತಿಗೋ ಧರ್ಮಸ್ಥಳಕ್ಕೋ ಹೊರಡಿಸಬೇಡಿ. ಸ್ವಂತ ಕಾರಿದೆಯಲ್ಲ, ಬಾಡಿಗೆ ಉಳಿಯಿತು ಅನ್ನುವ ಲೆಕ್ಕ ತಪ್ಪು.

ಅವನು ಊರಿಗೆ ಬರುವ ದಾರಿಯನ್ನೂ ನೋಡಬೇಕು. ಏರ್‌ಪೋರ್ಟ್ ಪಕ್ಕದಲ್ಲೇ ಹೋಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರ, 2023ರ ಅಕ್ಟೋಬರ್ 26ರ ಬೆಳಿಗ್ಗೆ ನಿಂತಿದ್ದ ಟ್ಯಾಂಕರ್ ಹಿಂಬದಿಗೆ ಟಾಟಾ ಸುಮೊ ಗುದ್ದಿ 13 ಜನ ಸತ್ತರು. ಮಂಜು ಕವಿದಿತ್ತು. ನಿಂತ ಗಾಡಿ ಮಂಜಿನಲ್ಲಿ ಎಷ್ಟು ಅಪಾಯ ಅಂತ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆದರೂ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಹುಲ್ಲು, ಕಬ್ಬು ತುಂಬಿಕೊಂಡು ನಮ್ಮ ರಸ್ತೆಗಳಲ್ಲೇ ಓಡಾಡುತ್ತವೆ. ಲೋಡ್ ಹೊರಗೆ ಚಾಚಿದರೆ ಇದ್ದ ರಿಫ್ಲೆಕ್ಟರ್ ಕೂಡ ಮುಚ್ಚಿಹೋಗುತ್ತದೆ.

ರಾಗಿ ಒಕ್ಕಣೆಯದೂ ಇದೇ ಕಥೆ. ಕಣ ಇದ್ದ ಜಾಗ ಸೈಟಾಗಿದೆ, ಸಣ್ಣ ರೈತ ತೆನೆಯನ್ನು ಟಾರು ರಸ್ತೆಗೆ ತಾರದೆ ಎಲ್ಲಿಗೆ ಒಯ್ಯಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ, ಪಂಚಾಯಿತಿಗಳು ಊರಿಗೊಂದು ಸಾಮೂಹಿಕ ಕಣ ಮಾಡಿಕೊಡಬೇಕು. ಆದರೆ ಸಂಜೆ ರಾಶಿ ಮುಚ್ಚಿ ಸುತ್ತ ದಪ್ಪ ಕಲ್ಲು ಇಟ್ಟು ಮನೆಗೆ ಹೋಗುವುದಕ್ಕೆ ಯಾವ ನ್ಯಾಯವೂ ಇಲ್ಲ. ಬೆಳಗಿನ ಜಾವದ ಮಂಜಿನಲ್ಲಿ ಆ ಕಲ್ಲು ಕಾಣುವುದು ಅದರ ಮೇಲೆ ಚಕ್ರ ಹತ್ತಿದ ಮೇಲೆಯೇ. ಈ ಸಂಕ್ರಾಂತಿಯೊಳಗೆ ನಿಮ್ಮೂರಿನ ರಸ್ತೆಯಲ್ಲಿ ಕತ್ತಲಾಗುವ ಮೊದಲು ಒಂದು ಸುತ್ತು ಹೋಗಿ ಕಲ್ಲುಗಳನ್ನು ಪಕ್ಕಕ್ಕೆ ಸರಿಸಿ. ಟ್ರೇಲರ್‌ಗೆ ಅಂಟಿಸುವ ಕೆಂಪು ರಿಫ್ಲೆಕ್ಟರ್ ಟೇಪು ತಾಲ್ಲೂಕು ಕೇಂದ್ರದ ಆಟೋಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ.